ನಮ್ಮವಳು ಹಾಡಿದ ಶನಿವಾರ

ತಮಿಳರ ಪುರಟ್ಟಾಸಿ ತಿಂಗಳ ಶನಿವಾರಗಳಲ್ಲಿ ತಿರುವಲ್ಲಿಕ್ಕೇಣಿಯ ನಮ್ಮ ಮನೆಯಲ್ಲಿ ಅಮ್ಮ, ಅಜ್ಜಿ ಇಬ್ಬರೂ ಮಡಿ. ಸ್ನಾನ ಮಾಡಿ ಮಡಿಸೀರೆ ಉಟ್ಟ ಮೇಲೆ, ನೈವೇದ್ಯ ಆಗುವವರೆಗೆ ನನ್ನನ್ನು ಮುಟ್ಟುವಂತಿಲ್ಲ, ಪೇಪರ್ ಮುಟ್ಟುವಂತಿಲ್ಲ, ಟಿವಿ ರಿಮೋಟಂತೂ ಇಲ್ಲವೇ ಇಲ್ಲ. ನೋಡುವುದಕ್ಕೆ ಮಾತ್ರ ಮಡಿಯ ಅಡ್ಡಿಯಿಲ್ಲ ಎಂಬುದು ಅಮ್ಮನ ಸಿದ್ಧಾಂತ. ಹನ್ನೊಂದು ಗಂಟೆಗೆ ಸೌಟು ಹಿಡಿದೇ ಅಡುಗೆಮನೆಯ ಹೊಸಿಲಿಗೆ ಬಂದು ನಿಲ್ಲುತ್ತಿದ್ದಳು. ನಾನು ಟಿವಿ ಹಾಕುತ್ತಿದ್ದೆ.

ಅದೊಂದು ಇಂಗ್ಲಿಷ್ ಕಾರ್ಟೂನ್ ಧಾರಾವಾಹಿ. ಗಂಡ, ಹೆಂಡತಿ, ಹೇಳಿದ ಮಾತು ಕೇಳದ ಮಕ್ಕಳು. ಆ ಮನೆಯ ತಾಯಿಗೆ ನೇರಳೆ ಬಣ್ಣದ ತುರುಬು, ಅದರಲ್ಲಿ ಸದಾ ಸಿಕ್ಕಿಸಿಕೊಂಡ ಒಂದು ಚಮಚ. ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ಕನ್ನಡದಲ್ಲಿ ಹೇಳುತ್ತ ಹೋಗಬೇಕು. ಗಿಂಡಿ ಬಡಾವಣೆಯ ಕಾಲೇಜಿನಲ್ಲಿ ಬಾಯಿ ಬಿಡದ ನಾನು ಆ ಅರ್ಧ ಗಂಟೆ ಇಡೀ ಕುಟುಂಬದ ಮಾತನ್ನೂ ಒಬ್ಬಳೇ ಆಡುತ್ತಿದ್ದೆ. ಆ ತಾಯಿಯನ್ನು ನಾವು 'ನಮ್ಮವಳು' ಎಂದೇ ಕರೆಯುತ್ತಿದ್ದೆವು.

ಒಂದು ವಾರ ನಮ್ಮವಳು ಮೊದಲ ಬಾರಿ ಊರವರೆದುರು ಹಾಡಲು ಹೋಗಿ, ಪರದೆಯ ಹಿಂದೆ ನಡುಗುತ್ತ ನಿಂತಲ್ಲಿಗೆ ಕಥೆ ಮುಗಿದಿತ್ತು. ಅಮ್ಮನಿಗೂ ಅದೇ ವಾರ ಕರೆ ಬಂದಿತ್ತು. ನವರಾತ್ರಿಗೆ ಮೈಕಿನ ಮುಂದೆ ಒಬ್ಬಳೇ ದೇವರನಾಮ ಹಾಡಬೇಕು, ಶನಿವಾರ ಮಧ್ಯಾಹ್ನದೊಳಗೆ ತಿಳಿಸು ಎಂದು ಭಜನೆ ಗುಂಪಿನ ತಮಿಳು ಮಾಮಿ ಹೇಳಿಹೋಗಿದ್ದರು. ಒಲೆಯ ಮುಂದೆ ಅಷ್ಟು ಚೆನ್ನಾಗಿ ಹಾಡುವವಳು, "ಅಷ್ಟು ಜನರ ಮುಂದೆ ಸಾಲು ಮರೆತ್ರೆ?" ಎಂದು ದಿನ ತಳ್ಳುತ್ತಿದ್ದಳು. ಕೊನೆಗೆ, "ನಮ್ಮವಳು ಹಾಡಿದ್ರೆ ನಾನೂ ಹಾಡ್ತೀನಿ" ಎಂದು ನಕ್ಕಳು. ನಾನು ನಗಲಿಲ್ಲ. ಅದನ್ನು ಕೊಟ್ಟ ಮಾತೆಂದೇ ಹಿಡಿದುಕೊಂಡೆ.

ಮುಂದಿನ ಶನಿವಾರ ಟಿವಿ ಹಾಕಿದರೆ ತೆರೆಯ ತುಂಬ ಬರೀ ಚುಕ್ಕಿ. ಯಾವ ಚಾನೆಲ್ ಒತ್ತಿದರೂ ಚುಕ್ಕಿಯೇ. ರಿಮೋಟ್ ಬಿಸಾಕಿ ಮಹಡಿಗೆ ಓಡಿದೆ. ಕೇಬಲ್ ತಂತಿ ಕಳಚಿ ನೇತಾಡುತ್ತಿತ್ತು. ಸೇರಿಸಿ ಹಿಡಿದೆ.

"ಬಂತಾ?" ಎಂದು ಮೇಲಿಂದ ಅಮ್ಮನಿಗೆ ಕೂಗಿದೆ.

"ಬಂತು! ಆದ್ರೆ ಇದ್ಯಾವುದೋ ಅಡುಗೆ ಪ್ರೋಗ್ರಾಂ ಕಣೇ! ಬಂದು ಬದಲಾಯಿಸು!"

"ಕೈ ಬಿಟ್ರೆ ಹೋಗುತ್ತಮ್ಮಾ! ಮೂವತ್ತೊಂದು ಒತ್ತು!"

ಬಿಸಿಲಿಗೆ ಕಾದ ನೆಲ ಅಂಗಾಲು ಸುಡುತ್ತಿತ್ತು. ಕುಣಿಯುತ್ತ ನಿಂತೆ.

"ಅಯ್ಯೋ, ಮಡಿ ಹೋಯ್ತಲ್ಲೇ!" ಅಜ್ಜಿಯ ದನಿ. "ಇನ್ನೊಂದ್ಸಲ ತಲೆಗೆ ಸ್ನಾನ, ಇನ್ನೊಂದ್ಸಲ ಅಡುಗೆ!"

"ಆಗ್ಲಿ ಅತ್ತೆ. ಸುಮ್ನಿರಿ, ನಮ್ಮವಳು ಬಂದ್ಲು!"

ಕಾರ್ಟೂನಿನ ವಾದ್ಯ ಮೆಟ್ಟಿಲಲ್ಲಿ ಮೇಲಕ್ಕೆ ಬಂತು. "ಏನಾಯ್ತು? ಹೇಳಮ್ಮಾ!" ಎಂದು ಕೂಗಿದೆ. ಈಗ ಅಮ್ಮ ನನಗೆ ಕಥೆ ಹೇಳಬೇಕಿತ್ತು, ಒಂದಕ್ಷರ ಇಂಗ್ಲಿಷ್ ಇಲ್ಲದೆ.

"ಪರದೆ ತೆಗೆದ್ರು... ಹಾಡ್ತಿದಾಳೆ... ಅಯ್ಯೋ, ನಿಲ್ಸಿಬಿಟ್ಲು!"

"ಯಾಕೆ?"

"ಮರೆತುಬಿಟ್ಲು ಕಣೇ! ಗಂಡ ಮುಖ ಮುಚ್ಕೊಂಡ!"

"ಅವನು ಇನ್ನೇನು ಮಾಡ್ತಾನೆ, ನಮ್ಮನೆಯವನ ಹಾಗೇ" ಎಂದಿತು ಅಜ್ಜಿ, ಹೆತ್ತ ಮಗನನ್ನೂ ಬಿಡದೆ.

ತಂತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ನಮ್ಮವಳು ವೇದಿಕೆಯಿಂದ ಇಳಿದು ಹೋದರೆ ಅಮ್ಮನ ಕಥೆಯೂ ಮುಗಿದಂತೆಯೇ. ಇಳೀಬೇಡವೇ, ಇಳೀಬೇಡ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಪಕ್ಕದ ಮಹಡಿಯಲ್ಲಿ ವಡಾಂ ಸಂಡಿಗೆ ಒಣಗಿಸುತ್ತಿದ್ದವರು ತಿರುಗಿ ನೋಡಿದರು. ನೋಡಿಕೊಳ್ಳಲಿ.

"ಇಳೀಲಿಲ್ಲ! ತಲೆಯಿಂದ ಚಮಚ ತೆಗೆದು ಮೈಕಿನ ಮೇಲೆ ತಾಳ ಹಾಕ್ತಿದಾಳೆ! ಮೊದಲಿಂದ ಹಾಡ್ತಿದಾಳೆ ಕಣೇ!"

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಅಜ್ಜಿಗೆ ಹೇಳುತ್ತಿದ್ದುದು ಕೇಳಿಸಿತು: "ಹೇಗೂ ಮಡಿ ಹೋಯ್ತಲ್ಲ ಅತ್ತೆ. ಸ್ನಾನಕ್ಕೆ ಮೊದಲು ಮಾಮಿಗೆ ಫೋನೂ ಮಾಡಿಬಿಡ್ತೀನಿ."

ತಂತಿ ಬಿಟ್ಟು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಅಮ್ಮ ಮಡಿಸೀರೆಯಲ್ಲೇ ರಿಸೀವರ್ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ರಿಮೋಟ್ ಹಾಗೇ ಇತ್ತು.

"ಮಾಮಿ, ನಾನ್ ಪಾಡರೇನ್" ಎಂದಳು. ಹಾಡುತ್ತೇನೆ.

ಅವಳ ಹಿಂದೆ ಟಿವಿಯ ತುಂಬ ಮತ್ತೆ ಚುಕ್ಕಿ. ಅಜ್ಜಿ ಕಟ್ಟುತ್ತಿದ್ದ ತುಳಸಿ ಮಾಲೆಯನ್ನು ಬದಿಗಿಟ್ಟು ನನ್ನತ್ತ ತಿರುಗಿತು.

"ತಂತಿ ಯಾಕೆ ಬಿಟ್ಟೆ? ಹಾಡಿನ್ನೂ ಮುಗಿದಿಲ್ಲ. ಹೋಗು, ಹೋಗಿ ಹಿಡ್ಕೋ!"