ಅತ್ತಿಗೆಯ ಕ್ರಿಯಾಟಿನಿನ್

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಮೊಬೈಲಿಗೆ ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಬಂತು. ನೀವೂ ನನ್ನ ಪ್ರಾಯದವರಾಗಿದ್ದರೆ ಮೊದಲು ಸಕ್ಕರೆ ಎಷ್ಟೆಂದು ಹುಡುಕುತ್ತೀರಿ. ನನ್ನ ಕಣ್ಣು ಹೋಗುವುದು ಕ್ರಿಯಾಟಿನಿನ್ ಎಂಬ ಸಾಲಿಗೆ. 0.9. ಅರವತ್ತೆರಡರ ಮನುಷ್ಯನಿಗೆ ಇದು ಫಸ್ಟ್ ಕ್ಲಾಸ್ ಮಾರ್ಕು. ನನಗೆ ಮಾತ್ರ ಚಹಾ ಕಹಿಯಾಯಿತು.

ಕ್ರಿಯಾಟಿನಿನ್ ಎಂದರೆ ನಮ್ಮ ಸ್ನಾಯುಗಳು ದಿನವೂ ರಕ್ತಕ್ಕೆ ಬಿಡುವ ಕಸ. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ಕಿಡ್ನಿ ಸೋತಂತೆ ರಕ್ತದಲ್ಲಿ ಅದರ ಅಂಕಿ ಏರುತ್ತದೆ. ಒಂದರ ಆಸುಪಾಸಿನಲ್ಲಿದ್ದರೆ ಕ್ಷೇಮ. ಈ ಪಾಂಡಿತ್ಯ ನನಗೆ ಬಂದದ್ದು ಅಣ್ಣನಿಂದ.

ಅಣ್ಣ ವಿಲೆ ಪಾರ್ಲೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ. ಹನ್ನೆರಡು ವರ್ಷಗಳ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ಅಂಕಿ ಎಂಟು ದಾಟಿತು. ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಒಳ್ಳೆಯದು ಎಂದರು ಡಾಕ್ಟರು. ಒಡಹುಟ್ಟಿದವನು ನಾನೊಬ್ಬನೇ, ರಕ್ತದ ಗುಂಪೂ ಒಂದೇ. ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಆ ಮಾತು ಬಂತು.

"ನನಗೆ ಬಿ.ಪಿ. ಉಂಟಲ್ಲ," ಎಂದೆ.

ಸುಳ್ಳು. ಬಡಿಸುತ್ತಿದ್ದ ವಾರಿಜತ್ತಿಗೆ ಸೌಟು ಹಿಡಿದುಕೊಂಡೇ, "ನನ್ನದು ಆಗುತ್ತದಾ ಕೇಳಿ ನೋಡಿ," ಎಂದರು. ಆಗುತ್ತಿತ್ತು. ಕೊಟ್ಟರು.

ಕೊಡದೆ ತಪ್ಪಿಸಿಕೊಂಡವನಿಗೆ ಉಸ್ತುವಾರಿಯ ಉತ್ಸಾಹ ಜಾಸ್ತಿ. ನಾನು ಅಣ್ಣನ ಅಂಕಿಗಳಿಗೆಂದೇ ಒಂದು ಪುಸ್ತಕ ಇಟ್ಟೆ. ಶನಿವಾರ ಕಾಂದಿವಲಿಯಿಂದ ಲೋಕಲ್ ಹಿಡಿದು ಹೋಗಿ, ಹೊಸ ರಿಪೋರ್ಟ್ ನೋಡಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದೆ. ಊರಿನಿಂದ ಫೋನು ಮಾಡುವವರು ಮಳೆ ಬೆಳೆ ಬಿಟ್ಟು "ಎಷ್ಟು ಬಂತು?" ಎಂದೇ ಶುರು ಮಾಡುತ್ತಿದ್ದರು. 1.2 ಬಂದ ದಿನ ಪಾಯಸ. ಮಾಡುವವರು ಅತ್ತಿಗೆ. ಅಣ್ಣನಿಗೆ ನೀರು ಕಾಯಿಸಿ ಆರಿಸುವವರೂ, ಬೆಳಿಗ್ಗೆ ಏಳಕ್ಕೆ ಫೈಲು ಹಿಡಿದು ಲ್ಯಾಬಿನ ಸಾಲಿನಲ್ಲಿ ಅವನ ಜೊತೆ ನಿಲ್ಲುವವರೂ ಅವರೇ. ಅಣ್ಣನ ತೋಳಿಗೆ ಚುಚ್ಚಿದ ಹುಡುಗಿ ಒಂದು ಸಲ ಪಕ್ಕಕ್ಕೆ ತಿರುಗಿ ಅತ್ತಿಗೆಯ ರಕ್ತವನ್ನೂ ತೆಗೆದಿದ್ದರೆ ಸಾಕಿತ್ತು.

ಕಿಡ್ನಿ ಕೊಟ್ಟವರನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಎಂಬ ಕಾಗದ ಆ ಫೈಲಿನಲ್ಲೇ ಇತ್ತಂತೆ. ಅದು ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಇಂಗ್ಲಿಷ್ ಓದಿ ಹೇಳುವವನು ಎಂಬ ಹೆಸರಿದ್ದದ್ದು ನನಗೆ.

ಕಳೆದ ವರ್ಷ ಅತ್ತಿಗೆಯ ಕಾಲು ಬಾತವು. "ನಿಂತು ನಿಂತು ಹೀಗೆ," ಎಂದರು. ಊಟ ಸೇರುವುದಿಲ್ಲ ಎಂದರು. ಅಣ್ಣನ ಚೆಕಪ್ಪಿಗೆಂದು ಮೂವರೂ ಬಾಂದ್ರಾದ ಆಸ್ಪತ್ರೆಗೆ ಹೋಗಿದ್ದಾಗ ಡಾಕ್ಟರು ಅವರ ಕಾಲು ನೋಡಿ ಪೆನ್ನು ಕೆಳಗಿಟ್ಟರು.

"ಇನ್ಕಾ ಲಾಸ್ಟ್ ಕ್ರಿಯಾಟಿನಿನ್ ಕಬ್ ಹುವಾ ಥಾ?"

ಇವರದ್ದು ಕೊನೆಗೆ ಯಾವಾಗ ನೋಡಿದ್ದು? ಅಣ್ಣ ನನ್ನನ್ನು ನೋಡಿದ. ನಾನು ಫೈಲನ್ನು ನೋಡಿದೆ. ಅತ್ತಿಗೆಯೇ ಉತ್ತರ ಕೊಟ್ಟರು: "ಕಿಡ್ನಿ ದಿಯಾ ಥಾ ನಾ, ಉಸ್ ಟೈಮ್." ಕಿಡ್ನಿ ಕೊಟ್ಟೆನಲ್ಲ, ಆಗ.

ಮರುದಿನ ಇಬ್ಬರ ರಿಪೋರ್ಟೂ ಒಟ್ಟಿಗೆ ಬಂದವು. "ನನ್ನದೆಷ್ಟು?" ಎಂದು ಕೇಳಿದ ಅಣ್ಣ. ಅವನದು 1.3. ಅತ್ತಿಗೆಯದು 6.4. ವರ್ಷಗಟ್ಟಲೆ ಯಾರೂ ಅಳೆಯದ ಬಿ.ಪಿ. ಅವರ ಉಳಿದ ಒಂದು ಕಿಡ್ನಿಯನ್ನು ತಿಂದುಹಾಕಿತ್ತು. ಹೌದು, ಬಿ.ಪಿ. ಇದ್ದದ್ದು ಅವರಿಗೆ.

ಈಗಲಾದರೂ ನನ್ನದು ಕೊಡುತ್ತೇನೆಂದು ಹೊರಟೆ. ಹೊಂದುವುದಿಲ್ಲ ಎಂದರು. ಅತ್ತಿಗೆಯದು ಯಾವ ಗುಂಪಿನವರಿಗೂ ಕೊಡಬಹುದಾದ, ತನ್ನ ಗುಂಪಿನವರಿಂದ ಮಾತ್ರ ಪಡೆಯಬಹುದಾದ ರಕ್ತ.

ಹಾಗಾಗಿ ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಕರೆದುಕೊಂಡು ಹೋಗುವವನು ನಾನು. ಇವತ್ತು ರಿಕ್ಷಾ ಹೈವೇಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತ್ತು. ಆಗ ಹೇಳಿಬಿಟ್ಟೆ.

"ಅತ್ತಿಗೆ, ಆವಾಗ ನನಗೆ ಬಿ.ಪಿ. ಇರಲಿಲ್ಲ."

ಅವರು ಹೊರಗೆ ನೋಡುತ್ತಲೇ, "ಗೊತ್ತುಂಟು," ಎಂದರು.

"ಯಾವಾಗಿನಿಂದ?"

"ಆವತ್ತೇ. ಬಿ.ಪಿ. ಇದ್ದವನು ಎರಡೆರಡು ಸಲ ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಾನಾ? ಬಡಿಸಿದ್ದು ನಾನಲ್ಲವಾ."

"ಮತ್ತೆ ಯಾಕೆ ಸುಮ್ಮನಿದ್ದಿರಿ?"

ರಿಕ್ಷಾ ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು.

"ನಿನ್ನ ಅಣ್ಣನೂ ಅದನ್ನು ನೋಡಿದ್ದರು," ಎಂದರು ಅತ್ತಿಗೆ. "ಅವರೇ ಸುಮ್ಮನಿದ್ದರು. ನಾನು ಯಾರಿಗೆ ಹೇಳುವುದು?"

ಕ್ಷಮೆ ಕೇಳಲು ಬಾಯಿ ತೆರೆದೆ. "ಬೇಡ ಮಾರಾಯ," ಎಂದರು. "ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗಬೇಕು. ಅದರ ಮೇಲೆ ನಿನ್ನನ್ನು ಸಮಾಧಾನ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ."

ಈಗ ಅವರು ಒಳಗಿದ್ದಾರೆ. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೇನೆ. ಅಣ್ಣನ ಫೋನು ಎರಡು ಸಲ ಬಂತು. ಎತ್ತಲಿಲ್ಲ.