ಅತ್ತೆ ಒತ್ತಿದ ಬಟನ್

“ನಾನೇ ಸರಿಯಾಗಿ ಒತ್ತಲಿಲ್ವೇನೋ ಕಣಮ್ಮ.”

ಹೋದ ತಿಂಗಳು ಮುನಿರತ್ನಮ್ಮ ಹೀಗೆಂದಾಗ ನಾನು ಅವರ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಶಿಡ್ಲಘಟ್ಟದ ಪಕ್ಕದ ಹಳ್ಳಿ. ದೂರದ ಸಂಬಂಧದಲ್ಲಿ ನನಗೆ ಅತ್ತೆ. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳು ಮೇಯಿಸುತ್ತಿದ್ದಾರೆ. ಅವತ್ತು ಬೆಳಿಗ್ಗೆಯಷ್ಟೇ ರೋಗ ಬಿದ್ದ ಒಂದಿಡೀ ಬೆಳೆಯ ಹುಳುವನ್ನೆಲ್ಲ ಮಂಕರಿಯಲ್ಲಿ ಹೊತ್ತು, ಹಳ್ಳಕ್ಕೆ ಹಾಕಿ, ಮಣ್ಣು ಮುಚ್ಚಿ ಬಂದಿದ್ದರು.

ತಪ್ಪು ಅವರ ಬೆರಳಿನದಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಆದರೂ ಅದನ್ನು ಹೇಳದೆ ಕಾಫಿ ಕುಡಿದೆ.

ಮೊದಲಿನಿಂದ ಹೇಳುತ್ತೇನೆ. ಅಂಕಣ ಬರೆಯದ ಆರು ದಿನ ನಾನು ಚಿಕ್ಕಬಳ್ಳಾಪುರದ ಬಾಡಿಗೆ ರೂಮಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವಳು (ಹಳೇ ಓದುಗರಿಗೆ ಇದು ಹೊಸದಲ್ಲ). ಅತ್ತೆಯ ಹುಳದ ಮನೆಗೂ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಗಾಳಿ ಒಣಗಿದರೆ ಅದು ತಾನಾಗಿಯೇ ಸಣ್ಣಗೆ ನೀರು ಚಿಮುಕಿಸುತ್ತದೆ. ಅತ್ತೆ ಕೇಳಿದ್ದು ಒಂದೇ.

“ಹುಳ ಜ್ವರಕ್ಕೆ ಕೂತಾಗ ನೀರು ಬೀಳ್ಬಾರ್ದಮ್ಮ. ನಿಂತ್ಕೋ ಅಂದ್ರೆ ನಿಂತ್ಕೊಳ್ಳೋ ಹಂಗೆ ಒಂದು ಬಟನ್ ಇಡು.”

(ಈ ಜ್ವರ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು, ಹಳೇ ಪೊರೆ ಕಳಚುವ ಹೊತ್ತು. ಆಗ ಹಾಸಿಗೆ ಒಣಗಿರಬೇಕು. ಯಾರೂ ಮುಟ್ಟಬಾರದು.)

ಕೆಂಪು ಬಟನ್ ಇಟ್ಟೆ. ಒತ್ತಿದ ಕೂಡಲೇ ನೀರು ನಿಂತಿದ್ದು ಕಂಡು ಅತ್ತೆ ನಕ್ಕರು. ಎರಡು ಬೆಳೆ ಚೆನ್ನಾಗಿಯೇ ಬಂತು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಇದ್ದೆನಾ? ಕರೆಂಟ್ ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ಏಳಲು ಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಅತ್ತೆ ಒಂದು ದಿನವೂ ದೂರಿದವರಲ್ಲ. ನಾಚಿಕೆಯಾಗಿದ್ದು ನನಗೆ.

ಪೆಟ್ಟಿಗೆಯೊಳಗೆ ಓಡುವುದು ಲಿನಕ್ಸ್. ಅದರ ತಿರುಳೇ ಕರ್ನಲ್. ನಮ್ಮ ಹಾರ್ಡ್‌ವೇರ್‌ಗೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳಲು ಸಾವಿರಾರು ಆಯ್ಕೆಗಳ ಪಟ್ಟಿ ಇರುತ್ತದೆ. ಬೇಕಾದ್ದಕ್ಕೆ ವೈ, ಬೇಡದ್ದಕ್ಕೆ ಎನ್. ಬೇಡದ್ದು ಹೋದಷ್ಟೂ ಪೆಟ್ಟಿಗೆ ಚುರುಕು.

ಸೌಂಡ್? ಎನ್. ಕ್ಯಾಮೆರಾ? ಎನ್. ಕೀಬೋರ್ಡ್? ಹುಳು ಏನು ಟೈಪ್ ಮಾಡುತ್ತದೆಯೇ? ಎನ್.

ಪೆಟ್ಟಿಗೆ ಆರೇ ಸೆಕೆಂಡಿನಲ್ಲಿ ಎದ್ದಿತು. ಸ್ಕ್ರೀನ್‌ಶಾಟ್ ತೆಗೆದು ಮೂರು ಗ್ರೂಪಿಗೆ ಹಾಕಿದೆ. ಮೂರನೇ ಬೆಳೆಯ ಹುಳು ಮೂರು ಜ್ವರ ಮುಗಿಸಿದ ಮೇಲೆ ಹೊಸ ಕರ್ನಲನ್ನು ಅತ್ತೆಯ ಪೆಟ್ಟಿಗೆಗೂ ಹಾಕಿ ಬಂದೆ. ಬಟನ್ ಒತ್ತಿ ನೋಡಲಿಲ್ಲ. ಮೊದಲು ಕೆಲಸ ಮಾಡಿತ್ತಲ್ಲ, ಇನ್ನೇನು ನೋಡುವುದು?

ಬೋರ್ಡಿನ ಮೇಲಿನ ಒಂಟಿ ಬಟನ್ ಕೂಡ ಕರ್ನಲಿನ ಲೆಕ್ಕದಲ್ಲಿ ಕೀಬೋರ್ಡಿನ ಪಟ್ಟಿಗೇ ಸೇರಿದ್ದು. ಇದನ್ನೇ ಓದಿದವಳು ನಾನು. ಗೊತ್ತಿರಬೇಕಿತ್ತು.

ಹುಳು ನಾಲ್ಕನೇ ಜ್ವರಕ್ಕೆ ಕೂತಾಗ ಅತ್ತೆ ಬಟನ್ ಒತ್ತಿದರು. ಆಗ ನೀರು ಬರುತ್ತಿರಲಿಲ್ಲ, ಹಾಗಾಗಿ ಬಟನ್ ಸತ್ತಿದೆಯೆಂದು ತಿಳಿಯುವಂತಿರಲಿಲ್ಲ. ಬಾಗಿಲೆಳೆದುಕೊಂಡು ಚಿಂತಾಮಣಿಯ ನೆಂಟರ ಮನೆಗೆ ಹೋದರು. ಮಾರನೇ ದಿನ ಬಂದು ನೋಡಿದರೆ ಹಾಸಿಗೆಯೆಲ್ಲ ಒದ್ದೆ. ಎಷ್ಟೋ ಹುಳುಗಳು ಪೊರೆಯೊಳಗೇ ಸಿಕ್ಕಿಕೊಂಡಿದ್ದವು. ಎದ್ದವಕ್ಕೂ ನಾಲ್ಕು ದಿನದಲ್ಲಿ ರೋಗ ಬಿತ್ತು.

ಲ್ಯಾಪ್‌ಟಾಪ್ ತೆರೆದ ಐದೇ ನಿಮಿಷಕ್ಕೆ ನನಗೆ ಕಾರಣ ಸಿಕ್ಕಿತ್ತು. ಅತ್ತೆ ತಮ್ಮ ಬೆರಳನ್ನು ದೂರಿದ್ದು ಅದಾದ ಮೇಲೆ. ನಾನು ಹೇಳಿದ್ದು ಇಷ್ಟೇ: “ಏನೋ ಸಾಫ್ಟ್‌ವೇರ್ ತೊಂದ್ರೆ ಇರ್ಬೇಕು ಅತ್ತೆ, ನೋಡ್ತೀನಿ.” ನನಗೆ ಧೈರ್ಯ ಬರಲಿಲ್ಲ.

ಒಂದು ವಾರ ಬಿಟ್ಟು ಮತ್ತೆ ಹೋದೆ. “ಅತ್ತೆ, ನೀವು ಸರಿಯಾಗೇ ಒತ್ತಿದ್ರಿ. ಬಟನ್ ಬೇಡ ಅಂತ ತೆಗೆದಿದ್ದು ನಾನು. ನೋಡ್ದೇನೇ ತೆಗೆದ್ಬಿಟ್ಟೆ.”

“ಬಟನ್ ಅಲ್ಲೇ ಇತ್ತಲ್ಲಮ್ಮ?”

“ಇತ್ತು. ಒಳಗಡೆ ಅದರ ಮಾತು ಕೇಳೋರು ಇರ್ಲಿಲ್ಲ.”

“ಪೋನೀಲೆ, ಹೋಗ್ಲಿ ಬಿಡು. ಅವತ್ತೇ ಅಂದಿದ್ರೆ ಒಂದು ವಾರ ನಿದ್ದೆನಾದ್ರೂ ಬರ್ತಿತ್ತು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಬಟನ್ ಕೆಲಸ ಮಾಡುತ್ತದೆ. ಹೊಸ ಹುಳು ಬಂದಿದೆ. ಮೊನ್ನೆ ನನ್ನೆದುರೇ ಅತ್ತೆ ಉಗುರು ಬೆಳ್ಳಗಾಗುವಷ್ಟು ಜೋರಾಗಿ ಒತ್ತಿದರು. ನೀರು ನಿಂತಿತು. ಆದರೂ ನನ್ನ ಕಡೆ ತಿರುಗಿ ಕೇಳಿದರು, “ಈಗ ಸರಿಯಾಗಿ ಒತ್ತಿದ್ನೇನಮ್ಮ?”

ಕಣ್ಣು ಮುಚ್ಚಿ ಎನ್ ಒತ್ತಿದವಳು ನಾನು. ಬೆರಳಿನ ಮೇಲೆ ಅನುಮಾನ ಉಳಿದಿದ್ದು ಅವರಿಗೆ.