ತಂದೆಯ ಹೆಸರಿನ ಕಾಲಂ

ಮೊನ್ನೆ ದೃಢೀಕರಣ ಪತ್ರವೊಂದಕ್ಕೆಂದು ಅರಕೆರೆ ಹತ್ತಿರದ ನಮ್ಮೂರ ಶಾಲೆಗೆ ಹೋಗಿದ್ದೆ. ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕ ಹೊರಗೆ ಬಂತು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹೆಡ್‌ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು…

ತೊಂಬತ್ತರ ದಶಕದ ಮಾತು. ಅಪ್ಪ ನಾಗಮಂಗಲದ ಕಡೆಯವನು. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನನ್ನು ತವರಿಗೆ ಕಳಿಸಿದವನು ಮತ್ತೆ ತಿರುಗಿ ನೋಡಲಿಲ್ಲ. ನಮ್ಮ ತಾತನಿಗೆ ಗದ್ದೆ ಎಷ್ಟಿತ್ತೋ ಅದಕ್ಕಿಂತ ಹೆಚ್ಚು ರೋಷವಿತ್ತು. ನನ್ನನ್ನು ಶಾಲೆಗೆ ಸೇರಿಸುವ ದಿನ, "ಆ ನನ್ಮಗನ ಹೆಸ್ರು ಬ್ಯಾಡ ಮೇಷ್ಟ್ರೇ, ನನ್ ಹೆಸ್ರೇ ಬರ್ಕಳಿ" ಎಂದು ಪಟ್ಟು ಹಿಡಿದ. ತಾತನ ಬಾಯಿಗೆ ಹೆದರಿಯೋ, ನನ್ನ ಮುಖ ನೋಡಿಯೋ, ಮೇಷ್ಟ್ರು ತಂದೆಯ ಕಾಲಂನಲ್ಲಿ ಹಾಗೇ ಬರೆದುಬಿಟ್ಟರು.

ನಾನು ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ತಾತನಿಗೆ ದುಡಿಯಲು ಕೈಲಾಗುತ್ತಿರಲಿಲ್ಲ. ಅಮ್ಮ ಶ್ರೀರಂಗಪಟ್ಟಣಕ್ಕೆ ಹೋಗಿ ವಕೀಲರನ್ನು ಕಂಡಳು. ನನಗೆ ಜೀವನಾಂಶ ಕೇಳಲು ನಾಗಮಂಗಲಕ್ಕೆ ಅಲೆಯಬೇಕಾಗಿಲ್ಲ, ನಾವಿರುವ ಕಡೆಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು ಎಂದರು ಅವರು. ಲಗ್ನಪತ್ರಿಕೆ ಸಿಕ್ಕಿತು. ಮಗು ಅವನದೇ ಎನ್ನಲು ಮಾತ್ರ ಕಾಗದವಿರಲಿಲ್ಲ. ನಾನು ಮನೆಯಲ್ಲೇ ಹುಟ್ಟಿದವಳು, ಜನನ ಬರೆಸಿದವರಿಲ್ಲ. ಇದ್ದ ಒಂದೇ ದಾಖಲೆ ಶಾಲೆಯದು. ಅದನ್ನೇ ಹಿಡಿದುಕೊಂಡು ಅಪ್ಪ, ಮಗು ನನ್ನದಲ್ಲ ಎಂದು ಕೋರ್ಟಿನಲ್ಲಿ ಹೇಳಿಸಿದ. ಅಮ್ಮ ಎರಡು ದಿನ ಊಟ ಬಿಟ್ಟಳು.

ತಾತ ನನ್ನನ್ನೂ ಎಳೆದುಕೊಂಡು ಮೇಷ್ಟ್ರ ಹತ್ತಿರ ಶಾಲೆಗೆ ಓಡಿದ. "ಒಂದ್ ಗೀಟು ಎಳ್ದು ತಿದ್ಬುಡಿ ಸಾಮಿ, ಯಾರ್ಗ್ ಗೊತ್ತಾಯ್ತದೆ" ಎಂದ.

"ತಿದ್ದಿದ್ರೆ ನಿಮ್ ಮಗಳೇ ಸುಳ್ಳುಗಾತಿ ಆಗ್ತಾಳೆ ಗೌಡ್ರೆ" ಎಂದರು ಮೇಷ್ಟ್ರು. "ಅದು ಅಂಗೇ ಇರ್ಲಿ. ಬರೆದೋನು ನಾನು, ನಾನೇ ಬಂದು ಹೇಳ್ತೀನಿ."

ಹೇಳಿದರು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕಟಕಟೆ ಹತ್ತಿ, ತಂದೆ ಯಾರೆಂದು ಗೊತ್ತಿದ್ದೂ ತಾತನ ಹೆಸರು ಬರೆದೆ, ತಪ್ಪು ನನ್ನದು ಎಂದರು. ಎದುರಿನ ವಕೀಲರು ಗದರಿದಾಗಲೂ ಮಾತು ಬದಲಿಸಲಿಲ್ಲ. ಹೆರಿಗೆ ಮಾಡಿಸಿದ ಅಜ್ಜಿಯೂ ಸಾಕ್ಷಿ ನುಡಿದಳು. ಕೆಲವು ತಿಂಗಳಿಗೆ ಆದೇಶ ಬಂತು: ನನ್ನ ಊಟ, ಬಟ್ಟೆ, ಓದಿಗೆ ಅಪ್ಪ ತಿಂಗಳು ತಿಂಗಳು ಕೊಡಬೇಕು. ಅದರಲ್ಲಿ ನಾನು ಅವನ ಮಗಳೆಂದು ಬರೆದಿತ್ತು. ಅಮ್ಮ ಆ ಸಾಲನ್ನೇ ನನ್ನಿಂದ ಮತ್ತೆ ಮತ್ತೆ ಓದಿಸಿದಳು.

ಮುಂದಿನ ಜೂನ್‌ನಲ್ಲಿ ಮೇಷ್ಟ್ರಿಗೆ ವರ್ಗವಾಯಿತು, ಕೆ.ಆರ್. ಪೇಟೆ ಆಚೆ ಸಂತೆಬಾಚಹಳ್ಳಿ ಕಡೆಗೆ. ಅಮ್ಮ ಅಳುತ್ತಾ ನಿಂತಾಗ, "ನಾನೇ ಕೇಳಿ ಹಾಕಿಸ್ಕೊಂಡೆ ಕಣವ್ವ, ನಮ್ಮನೆಯವಳ ತವರು ಅಲ್ಲೇ" ಎಂದು ನಕ್ಕರು. ನಾವೂ ನಂಬಿದೆವು. ಆಮೇಲೆ ಅವರಿಗೊಂದು ಕಾಗದವನ್ನೂ ಬರೆಯಲಿಲ್ಲ…

ಮೊನ್ನೆ ಶಾಲೆಯಲ್ಲಿ ವಿಚಾರಿಸಿದರೆ ಅವರ ಮನೆಯವರು ಪಾಂಡವಪುರದಲ್ಲಿದ್ದಾರೆಂದು ತಿಳಿಯಿತು. ಅಲ್ಲಿಂದ ನೇರ ಹೋದೆ. ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಹೆಂಡತಿ ಕಾಫಿ ಕೊಟ್ಟರು. ಮಾತಿನ ನಡುವೆ, ಸಂತೆಬಾಚಹಳ್ಳಿ ನಿಮ್ಮ ತವರಲ್ಲವೇ ಎಂದೆ.

"ನನ್ ತವ್ರು ಕಿರಂಗೂರು ಕಣವ್ವ. ಯಾವ್ದೋ ಪುಸ್ತಕದಲ್ಲಿ ತಪ್ಪು ಬರುದ್ರು ಅಂತ ಮೇಲಿನೋರು ಅಷ್ಟು ದೂರ ಎತ್ತಾಕುದ್ರು. ಯಾಕಂಗೆ ಬರುದ್ರಿ ಅಂದ್ರೆ ಸಾಯೋಗಂಟ ಬಾಯೇ ಬುಡ್ಲಿಲ್ಲ."

ಯಾಕೆಂದು ನಾನು ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೇಷ್ಟ್ರು ಇದ್ದಾಗಲೇ ಬಂದು ಅವರಿಗೊಂದು ಮಾತು ಹೇಳಬಹುದಿತ್ತು ನಾನು. ಹೇಳಲಿಲ್ಲ.